‘ಸುಮ್ನೆ’ ಅನ್ನುವುದು ಕಾರಣವಲ್ಲ

ಗೌರಿ ಹಬ್ಬ ಹತ್ತಿರ ಬಂತೆಂದು ಅಟ್ಟ ಕೆಡವಿಕೊಂಡು ಕೂತಿದ್ದೆ. ಕೈಜಾರಿ ಹಳೆಯ ಬಿಸ್ಕತ್ತಿನ ಡಬ್ಬವೊಂದು ನೆಲಕ್ಕೆ ಬಿತ್ತು. ಮುಚ್ಚಳ ಒಂದು ಕಡೆ, ಡಬ್ಬ ಒಂದು ಕಡೆ, ರೂಮಿನ ತುಂಬ ಪ್ರೆಸ್ ಬಟನ್ನು, ಹುಕ್ಕು, ಬಣ್ಣಬಣ್ಣದ ದಾರದುಂಡೆ, ಲೇಸು, ಪಿನ್ನು, ಎಲಾಸ್ಟಿಕ್ಕು. ಸದ್ದು ಕೇಳಿ ಬಂದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತು, "ಇಷ್ಟೊಂದು ಇಟ್ಕೊಂಡು ಏನೇ ಹೊಲಿದೆ ಇಷ್ಟು ವರ್ಷ?" ಅಂದರು.

ಏನೂ ಹೊಲಿದಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೊಲಿಗೆಯೇ ಬರುವುದಿಲ್ಲ. ರವಿಕೆಯ ಹುಕ್ಕು ಕಿತ್ತರೆ ಪಿನ್ನು ಚುಚ್ಚಿಕೊಂಡು ಓಡಾಡುವವರ ಪೈಕಿ ನಾನು. ಹಾಗಾದರೆ ಡಬ್ಬ ತುಂಬಿದ್ದು ಹೇಗೆ ಅಂತ ನೀವೂ ಕೇಳುತ್ತೀರಿ. ಇವೆಲ್ಲ ಮನೆಯಿಂದ ಆಚೆ ಹೋಗುವುದಕ್ಕೆ ನಾನು ಒಂದೊಂದು ಸಲ ಕೊಟ್ಟ ಕಾರಣಗಳು. ಕಾರಣ ಕೊಟ್ಟ ಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡು ವಾಪಸ್ಸು ಬರಬೇಕಲ್ಲ. ಪ್ರೆಸ್ ಬಟನ್ನು ಅಗ್ಗ, ಹಗುರ, ಬಾಡುವುದಿಲ್ಲ, ಸೋರುವುದಿಲ್ಲ. ಹೆಣ್ಣುಮಗಳು ಬಟನ್ ತರಲು ಹೊರಟಳೆಂದರೆ ಯಾರೂ ಸಂಶಯ ಪಡುವುದೂ ಇಲ್ಲ.

ತಮಾಷೆ ಏನೆಂದರೆ, ಆ ಡಬ್ಬ ಬಿದ್ದ ಹೊತ್ತಿಗೆ ನನ್ನ ಸೆರಗಿನ ತುದಿಯಲ್ಲಿ ಒಂದು ಹೊಸ ಬೀಗದ ಕೈ ಗಂಟು ಹಾಕಿಕೊಂಡಿತ್ತು. ಅವತ್ತೇ ಬೆಳಿಗ್ಗೆ ನನ್ನ ತಮ್ಮ ಮಂಜು ಕೆ.ಆರ್. ಪುರದಿಂದ ಬಂದು ನಮ್ಮ ಗೇಟಿಗೆ ಬೀಗ ಹಾಕಿಹೋಗಿದ್ದ. ನಮ್ಮ ಜೊತೆಯಲ್ಲಿರುವ ಅಪ್ಪ ಒಬ್ಬರೇ ಆಚೆ ಹೋಗದಿರಲಿ ಅಂತ. ಎಂಬತ್ತು ದಾಟಿದ ಅಪ್ಪನನ್ನು ಒಳಗಿಡುವುದೋ ಬಿಡುವುದೋ ಎಂಬುದು ಈಗ ನನ್ನ ಸೆರಗಿನ ಗಂಟಿನಲ್ಲಿತ್ತು. ಅದು ಅಲ್ಲಿಗೆ ಬಂದದ್ದು ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಪ್ಪ ಹಳೇ ಮದ್ರಾಸ್ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಟೈಂ ಕೀಪರ್ ಆಗಿದ್ದರು. ಗೇಟಿನ ಪಕ್ಕ ಒಂದು ಪುಟ್ಟ ರೂಮು, ಅದಕ್ಕೊಂದು ಕಿಟಕಿ, ಕಿಟಕಿಯ ಹಿಂದೆ ಅಪ್ಪ. ಸೈರನ್ ಕೂಗುವುದರೊಳಗೆ ಯಾರು ಬಂದರು, ಆಮೇಲೆ ಏದುಸಿರು ಬಿಡುತ್ತಾ ಯಾರು ಬಂದರು ಎಂದು ಬರೆದಿಡುವುದು ಅವರ ಕೆಲಸ. ಅದಕ್ಕಿಂತ ದೊಡ್ಡ ಅಧಿಕಾರ ಇನ್ನೊಂದಿತ್ತು. ಶಿಫ್ಟಿನ ನಡುವೆ ಯಾರಾದರೂ ಆಚೆ ಹೋಗಬೇಕೆಂದರೆ ಅಪ್ಪನ ಹತ್ತಿರ ಗೇಟ್ ಪಾಸ್ ಪಡೆಯಬೇಕು. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ವಾಪಸ್ಸು ಅಂತ ಮೂರನ್ನೂ ಹೇಳಬೇಕು. ಹಲ್ಲುನೋವು ನಡೆಯುತ್ತಿತ್ತು, ಹೆಂಡತಿಯ ಹೆರಿಗೆ ನಡೆಯುತ್ತಿತ್ತು, ಸೈಟಿನ ಜಗಳವೂ ನಡೆಯುತ್ತಿತ್ತು. ಒಂದು ಸಲ ಮರ್ಫಿ ಟೌನಿನ ಫಿಟ್ಟರ್ ಒಬ್ಬ ಕಿಟಕಿಗೆ ಬಂದು, "ಸುಮ್ನೆ ಸಾರ್, ಆಚೆ ಒಳ್ಳೇ ಗಾಳಿ ಬೀಸ್ತಿದೆ" ಅಂದನಂತೆ. ಅವತ್ತು ಊಟಕ್ಕೆ ಕೂತಾಗ ಅಪ್ಪ ಈ ಸುದ್ದಿಯನ್ನು ಯಾರಿಗೋ ತಲೆಕೆಟ್ಟಿತು ಅನ್ನುವ ದನಿಯಲ್ಲಿ ಹೇಳಿದರು.

"ಸುಮ್ನೆ ಅಂತೆ! ಸುಮ್ನೆ ಅನ್ನೋದು ಒಂದು ಕಾರಣಾನಾ?"

ಅಮ್ಮ ಸಾರು ಬಡಿಸುತ್ತಾ, "ಗಾಳಿ ಬೀಸ್ತಿತ್ತಲ್ಲ" ಅಂದಳು. ಅಪ್ಪನಿಗೆ ಕೇಳಿಸಲಿಲ್ಲವೋ, ಅಪ್ಪ ಕೇಳಿಸಿಕೊಳ್ಳಲಿಲ್ಲವೋ, ಗೊತ್ತಿಲ್ಲ.

ಫ್ಯಾಕ್ಟರಿಯ ಗೇಟು ಸಂಜೆ ಅಪ್ಪನ ಜೊತೆಯಲ್ಲೇ ಮನೆಗೆ ಬರುತ್ತಿತ್ತು. ಹಲಸೂರು ಬಜಾರಿನ ಹಿಂದಿನ ಬೀದಿಯ ವಠಾರದಲ್ಲಿ ನಮ್ಮದು ಮೊದಲನೇ ಮನೆ, ಅಪ್ಪನ ಕುರ್ಚಿ ಬಾಗಿಲಿಗೆ ಅಂಟಿಕೊಂಡಂತೆ. ನಾನಾಗಲಿ ಮಂಜುವಾಗಲಿ ಚಪ್ಪಲಿಗೆ ಕಾಲು ತೂರಿಸಿದ ಸದ್ದಾದರೆ ಸಾಕು, ಪೇಪರಿನ ಹಿಂದಿನಿಂದ "ಗೇಟ್ ಪಾಸ್?" ಅನ್ನುತ್ತಿದ್ದರು. ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಕಾರಣ ಇದ್ದರೆ ಕಳಿಸುತ್ತಿದ್ದರು, ಹೇಳಿದ ಹೊತ್ತಿಗೆ ವಾಪಸ್ಸು ಬಂದರೆ ಖುಷಿಯಾಗಿ ತಲೆ ಸವರುತ್ತಿದ್ದರು. ಅಮ್ಮನಿಗೂ ಇದೇ ಕಾನೂನು. ಅದಕ್ಕೇ ನಮ್ಮ ಮನೆಯಲ್ಲಿ ಕರಿಬೇವಿಗೆ ಯಾವತ್ತೂ ಬರ ಇರಲಿಲ್ಲ. ಕರಿಬೇವು ತರ್ತೀನಿ ಅಂತ ಹೊರಟ ಅಮ್ಮ ಬಜಾರು ಪೂರ್ತಿ ಸುತ್ತಿ, ಬಳೆ ಅಂಗಡಿಯ ಮುಂದೆ ನಿಂತು, ಹೂವಿನವಳ ಸಂಸಾರದ ಕಷ್ಟಸುಖ ವಿಚಾರಿಸಿ, ಕೊನೆಗೆ ಎರಡು ಕಡ್ಡಿ ಕರಿಬೇವು ಹಿಡಿದು ಮುಖ ತುಂಬ ನಗು ಹೊತ್ತು ಬರುತ್ತಿದ್ದಳು. ಅಷ್ಟು ಕರಿಬೇವು ತಿಂದದ್ದಕ್ಕೇ ನಮ್ಮ ಕೂದಲು ಇಷ್ಟು ಚೆನ್ನಾಗಿರೋದು ಅಂತ ಮಂಜು ಹೇಳುತ್ತಿದ್ದ. ಈಗ ಅವನ ತಲೆ ನೋಡಿದರೆ ಆ ಮಾತಿಗೆ ಆಧಾರ ಸಾಲದು.

ನಮ್ಮ ಎದುರುಮನೆಯ ಸೆಲ್ವಿ ಅಕ್ಕನದು ಇನ್ನೊಂದು ಲೋಕ. ಭಾನುವಾರ ತಲೆಗೆ ಎರೆದುಕೊಂಡು, ಕೂದಲು ಹರವಿಕೊಂಡು, ಮಧ್ಯಾಹ್ನದವರೆಗೂ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕೈಯಲ್ಲಿ ಅಕ್ಕಿ ಮೊರ ಇಲ್ಲ, ಹೂ ಕಟ್ಟುವ ಬುಟ್ಟಿ ಇಲ್ಲ. ಒಂದು ದಿನ ಅಪ್ಪ ತಡೆಯಲಾರದೆ, "ಏನಮ್ಮ ಸೆಲ್ವಿ, ಯಾರಿಗಾದ್ರೂ ಕಾಯ್ತಿದ್ದೀಯಾ?" ಅಂತ ಕೇಳಿದರು. ಸೆಲ್ವಿ ಅಕ್ಕ ನಕ್ಕು, "ಇಲ್ಲ ಸಾರ್, ಸುಮ್ಮಾ" ಅಂದರು. ಅಪ್ಪ ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿದರು.

ಈ ‘ಸುಮ್ನೆ’ ಅನ್ನುವ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ದೊಡ್ಡವರ ಬಾಯಲ್ಲಿ ಅದು ಕಟ್ಟಪ್ಪಣೆ: ಸುಮ್ನಿರು, ಸುಮ್ನೆ ಕೂತ್ಕೋ, ಸುಮ್ನೆ ಊಟ ಮಾಡು. ಚಿಕ್ಕವರ ಬಾಯಿಗೆ ಬಂದರೆ ಅದೇ ಮಾತು ಬಾಲ ಬಿಚ್ಚಿಬಿಡುತ್ತದೆ. ಯಾಕೆ ನಗ್ತೀಯ? ಸುಮ್ನೆ. ಎಲ್ಲಿಗೆ ಹೋಗಿದ್ದೆ? ಸುಮ್ನೆ ಹಂಗೇ. ಒಂದೇ ಮಾತಿನೊಳಗೆ ಕೈಕಟ್ಟಿ ಕೂರುವುದೂ ಇದೆ, ಕೈಬೀಸಿಕೊಂಡು ಹೋಗುವುದೂ ಇದೆ. ನಮ್ಮ ಮನೆಯಲ್ಲಿ ಮೊದಲನೆಯದು ಮಾತ್ರ ಚಾಲ್ತಿಯಲ್ಲಿತ್ತು.

ಎರಡನೆಯದನ್ನು ನಾನು ಕಲಿತದ್ದು ನಸ್ರೀನ್ ಮನೆಯಲ್ಲಿ. ನಸ್ರೀನ್ ನನ್ನ ಜೊತೆ ಓದಿದವಳು, ಶಿವಾಜಿನಗರದವಳು, ಅವರಪ್ಪನಿಗೆ ಬಟ್ಟೆ ವ್ಯಾಪಾರ. ಮೊದಲ ಸಲ ಅವರ ಮನೆಗೆ ಹೋದಾಗ ನಾನು ಬಾಗಿಲಲ್ಲೇ ನಿಂತು, ಲೆಕ್ಕದ ನೋಟ್ಸ್ ಬೇಕಿತ್ತು, ಅದಕ್ಕೆ ಬಂದೆ ಅಂತ ಅವರಮ್ಮನಿಗೆ ಒಪ್ಪಿಸಿದೆ. ಅವರು ಕಣ್ಣರಳಿಸಿ ಮಗಳ ಕಡೆ ತಿರುಗಿ, "ಐಸೀಚ್ ನಹೀಂ ಆತೇ ಕ್ಯಾ ಇನೋ?" ಅಂದರು. ಸುಮ್ನೆ ಬರೋದಿಲ್ವಾ ಇವರು ಅಂತ. ಅವರ ಮನೆಯಲ್ಲಿ ಎಲ್ಲರೂ ಐಸೀಚ್ ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಐಸೀಚ್ ಎದ್ದು ಹೋಗುತ್ತಿದ್ದರು. ಇದೇ ಸ್ವರ್ಗ ಅಂದುಕೊಂಡೆ. ಆದರೆ ಅಲ್ಲೂ ಸಂಜೆಯ ಮಗ್ರಿಬ್ ಆಜಾನ್ ಕೇಳಿಸಿತೆಂದರೆ ನಸ್ರೀನ್ ಬೀದಿಯಲ್ಲಿ ಇರುವಂತಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಳೆ ನೋಡುತ್ತಾ ನಿಂತವಳು ಆಜಾನ್‌ಗೆ ಮುಂಚೆಯೇ ನನ್ನ ಕೈ ಹಿಡಿದು ಓಡಿಸುತ್ತಿದ್ದಳು. "ನಿಮ್ಮಪ್ಪ ಹೋಗೋವಾಗ ಕೇಳ್ತಾರೆ, ನಮ್ಮಪ್ಪ ಬರೋವಾಗ ಕೇಳ್ತಾರೆ, ಅಷ್ಟೇ ಕಣೇ" ಅನ್ನುತ್ತಿದ್ದಳು. ಹಾಗೆ ಓಡುವ ಮುಂಚೆ ಅವಳೇ ನೆನಪಿಸುವಳು: "ಏಯ್, ನಿನ್ನ ಬಟನ್ ತಗೊಂಡ್ಯಾ?" ಡಬ್ಬ ತುಂಬಿದ್ದು ಹಾಗೆ.

ಮದುವೆಯಾದ ಮೇಲೆ ಗೇಟ್ ಪಾಸ್ ತಪ್ಪಿತು ಅಂದುಕೊಂಡೆ. ನಮ್ಮ ಯಜಮಾನರು ಯಾವುದನ್ನೂ ಕೇಳುವವರಲ್ಲ. ನಾನು ಚಂದ್ರಲೋಕಕ್ಕೆ ಹೊರಟರೂ ಬರ್ತಾ ಕಾಫಿಪುಡಿ ತಗೊಂಬಾ ಅಂದಾರು. ಕೇಳದಿದ್ದರೂ ನಾನು ಹೇಳುತ್ತೇನೆ. ಬಾಗಿಲಲ್ಲಿ ನಿಂತು, "ರೀ, ಟೈಲರ್ ಹತ್ರ ಹೋಗಿ, ಹಂಗೇ ಲೈನಿಂಗ್ ಬಟ್ಟೆ ನೋಡಿ, ಹನ್ನೊಂದೂವರೆಗೆ ಬಂದ್ಬಿಡ್ತೀನಿ" ಅಂತ ಪೂರ್ತಿ ಒಪ್ಪಿಸಿದ ಮೇಲೇ ಕಾಲು ಹೊಸಿಲು ದಾಟುವುದು. ಅವರು "ಹೂಂ" ಅನ್ನುತ್ತಾರೆ. ಆ ಹೂಂ ನನ್ನ ಪಾಲಿನ ಸಹಿ.

ಪೂರಾ ಸ್ವಾತಂತ್ರ್ಯವನ್ನೂ ಒಂದು ಸಲ ರುಚಿ ನೋಡಿದ್ದೇನೆ. ಯಜಮಾನರು ಆಫೀಸಿನ ಟೂರು, ಮಗಳು ಅಜ್ಜಿ ಮನೆ, ನಾನೊಬ್ಬಳೇ. ಮೊದಲ ದಿನ ಹೊತ್ತೇರಿದ ಮೇಲೆ ಎದ್ದೆ, ಬಾಣಲೆಯಲ್ಲೇ ಉಪ್ಪಿಟ್ಟು ತಿಂದೆ, ಮಹಾರಾಣಿಯಂತೆ ಅನ್ನಿಸಿತು. ಎರಡನೇ ದಿನ ಬಾಣಲೆಯನ್ನೇ ತೊಳೆಯಲಿಲ್ಲ. ಮೂರನೇ ದಿನ ಮಧ್ಯಾಹ್ನ ತಲೆ ಬಾಚದೆ, ನೈಟಿಯಲ್ಲೇ ಸೋಫಾದ ಮೇಲೆ ಬಿದ್ದುಕೊಂಡು, ಯಾರಾದರೂ ಬಂದು ಒಂದು ಕೆಲಸ ಹೇಳಬಾರದೆ ಅಂತ ಹಂಬಲಿಸಿದೆ. ದೋಸೆ ಹಿಟ್ಟನ್ನು ನೋಡಿದಾಗೆಲ್ಲ ನನಗೆ ಆ ಮೂರು ದಿನ ನೆನಪಾಗುತ್ತದೆ. ಪಾತ್ರೆ ಇಲ್ಲದೆ ಹಿಟ್ಟು ನಿಲ್ಲುವುದಿಲ್ಲ. ಹಾಗಂತ ಕಂಠಪೂರ್ತಿ ತುಂಬಿಸಿಟ್ಟರೆ ಬೆಳಿಗ್ಗೆ ಉಬ್ಬಿ ಕಟ್ಟೆ ತುಂಬ ಹರಿದಿರುತ್ತದೆ. ಮೇಲೆ ಎಷ್ಟು ಖಾಲಿ ಬಿಡಬೇಕು ಅನ್ನುವುದು ಮಾತ್ರ ನನಗೆ ಇವತ್ತಿಗೂ ಪಕ್ಕಾ ಆಗಿಲ್ಲ, ಹಿಟ್ಟಿನ ವಿಷಯದಲ್ಲೂ.

ಇರಲಿ, ಬೀಗದ ಕಥೆಗೆ ಬರುತ್ತೇನೆ. ಅಮ್ಮ ಹೋದ ಮೇಲೆ ಅಪ್ಪ ಜೋಗುಪಾಳ್ಯದ ನಮ್ಮ ಮನೆಗೆ ಬಂದರು. ಬೆಳಿಗ್ಗೆ ಕೆರೆ ಕಡೆ ವಾಕಿಂಗು. ಅವರು ವಾಪಸ್ಸು ಬಂದು ಗೇಟು ತೆಗೆದ ಸದ್ದಾದರೆ ನಾನು ಹಾಲಿನ ಉರಿ ಸಣ್ಣ ಮಾಡುತ್ತಿದ್ದೆ, ಗಡಿಯಾರ ನೋಡುತ್ತಿರಲಿಲ್ಲ. ಅಂಥವರು ಒಂದು ದಿನ ಕಾಫಿ ಹೊತ್ತಿಗೆ ಬರಲಿಲ್ಲ. ತಿಂಡಿ ಹೊತ್ತಿಗೂ ಬರಲಿಲ್ಲ. ನಾನು ಕೆರೆಯ ಸುತ್ತ ಹುಡುಕಿ, ಬೆವತು ವಾಪಸ್ಸು ಬಂದರೆ ಊಟದ ಹೊತ್ತಿಗೆ ಸರಿಯಾಗಿ ಕೈಕಾಲು ತೊಳೆದು ಮಣೆ ಮೇಲೆ ಕೂತಿದ್ದರು. "ಎಲ್ಲಿಗೆ ಹೋಗಿದ್ರಿ?" ಅಂದರೆ "ವಾಕಿಂಗು." ಆಮೇಲೆ ಇದು ಮತ್ತೆ ಮತ್ತೆ ಆಯಿತು. ಕೊನೆಗೆ ಮಂಜುವಿನ ಪಕ್ಕದ ಮನೆಯವರು ಅವನಿಗೆ ಹೇಳಿದರಂತೆ, ನಿಮ್ಮ ತಂದೆ ಇಲ್ಲೇ ಕೆ.ಆರ್. ಪುರದ ಹತ್ತಿರ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಒಬ್ಬರೇ ನಿಂತಿದ್ದರು ಅಂತ.

ಮಂಜು ಗಾಬರಿಯಾಗಿ ಓಡಿಬಂದ. "ಅಪ್ಪಂಗೆ ಮರೆವು ಶುರುವಾಗಿದೆ ಕಣೇ. ಮನೆ ದಾರಿ ತಪ್ಪಿ ಅಲ್ಲಿಗೆ ಹೋಗಿದಾರೆ. ಟಿನ್ ಫ್ಯಾಕ್ಟರಿ ಟ್ರಾಫಿಕ್ಕಲ್ಲಿ ನಾನೇ ರೋಡ್ ದಾಟಕ್ಕೆ ಹೆದರ್ತೀನಿ" ಅಂದ. ಇಬ್ಬರೂ ಸೇರಿ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ಮೃದುವಾಗಿ, "ತಾತ, ಇವತ್ತು ಯಾವ ವಾರ ಹೇಳಿ? ಈಗ ಟೈಂ ಎಷ್ಟಿರ್ಬಹುದು?" ಅಂತ ಕೇಳಿದರು.

ಅಪ್ಪ ವಾರ ಹೇಳಿದರು, ತಿಥಿ ಹೇಳಿದರು, ಆಮೇಲೆ, "ಟೈಂ ನಂದು ಹೇಳ್ಲೋ, ನಿಮ್ಮ ಗೋಡೆ ಗಡಿಯಾರದ್ದು ಹೇಳ್ಲೋ? ನಿಮ್ದು ಸ್ವಲ್ಪ ಹಿಂದಿದೆ. ನೀವೂ ಬಂದಿದ್ದು ಲೇಟು" ಅಂದರು.

ಮರೆವು ಇಲ್ಲ ಅಂತ ಡಾಕ್ಟರು ತಕ್ಷಣ ಒಪ್ಪಿದರು. ಮಂಜು ಒಪ್ಪಲಿಲ್ಲ. ಮರೆವಿಲ್ಲದಿದ್ದರೆ ಎಲ್ಲಿಗೆ ಹೋಗ್ತಾರೆ ಅಂತ ಹೇಳಬೇಕಲ್ಲ, ಹೇಳೋದಿಲ್ಲ ಅಂದ್ರೆ ಏನರ್ಥ ಅಂತ ಅವನ ವಾದ. ಮಾರನೇ ಬೆಳಿಗ್ಗೆ ಬಂದು ಬೀಗ ಜಡಿದು ಅದರ ಕೈಯನ್ನು ನನಗೆ ಕೊಟ್ಟ. ಬೇಡ ಅನ್ನಲು ನನಗೆ ಧೈರ್ಯ ಸಾಲಲಿಲ್ಲ. ಅಪ್ಪನಿಗೆ ಏನಾದರೂ ಆದರೆ ಅನ್ನುವ ಭಯ ನನಗೇನು ಕಡಿಮೆ ಇತ್ತೇ? ಅವತ್ತೇ ಮಧ್ಯಾಹ್ನ ಡಬ್ಬ ಬಿದ್ದದ್ದು.

ಮರುದಿನ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ, ಷೂ ಲೇಸು ಕಟ್ಟಿಕೊಂಡು ಗೇಟಿನ ತನಕ ಹೋದರು. ಬೀಗ ನೋಡಿದರು. ಅಲ್ಲಾಡಿಸಲಿಲ್ಲ, ಕೂಗಾಡಲಿಲ್ಲ. ತಿರುಗಿ ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತು, "ಗಿರಿಜಾ, ಬೀಗದ ಕೈ ಬೇಕಿತ್ತಲ್ಲಮ್ಮ" ಅಂದರು.

"ಎಲ್ಲಿಗಪ್ಪ?"

"ಇಲ್ಲೇ."

"ಇಲ್ಲೇ ಅಂದ್ರೆ? ಯಾಕೆ? ಎಷ್ಟೊತ್ತಿಗೆ ವಾಪಸ್ ಬರ್ತೀರ?"

ಮೂರು ಪ್ರಶ್ನೆಯೂ ಅದೇ ಸಾಲಿನಲ್ಲಿ, ಅದೇ ದನಿಯಲ್ಲಿ ನನ್ನ ಬಾಯಿಂದ ಉದುರಿದವು. ಅಪ್ಪ ನೆಲ ನೋಡಿಕೊಂಡು, "ಶರ್ಟಿನ ಗುಂಡಿ ಬಿದ್ದೋಗಿದೆ. ಒಂದು ಗುಂಡಿ ತರ್ಬೇಕಿತ್ತು" ಅಂದರು.

ಶರ್ಟು ನೋಡಿದೆ. ಕುತ್ತಿಗೆಯಿಂದ ಕೆಳಗಿನವರೆಗೆ ಎಲ್ಲ ಗುಂಡಿಗಳೂ ಇದ್ದವು, ಎಲ್ಲವನ್ನೂ ಹಾಕಿಕೊಂಡೂ ಇದ್ದರು. ಕೆಲಸ ಮಾಡಿದಷ್ಟು ಕಾಲವೂ ಜನರ ಕಳ್ಳ ಕಾರಣಗಳನ್ನು ಕಿಟಕಿಯಿಂದಲೇ ಹಿಡಿಯುತ್ತಿದ್ದವರಿಗೆ ಒಂದು ಕಳ್ಳ ಕಾರಣ ನೆಟ್ಟಗೆ ಹೇಳಲು ಬರಲಿಲ್ಲ. ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಒಲೆ ಆರಿಸಿ, "ಅಪ್ಪ, ನಾನು ಕಾರಣ ಕೇಳಲ್ಲ. ನಿಜ ಹೇಳಿ, ಎಲ್ಲಿಗೆ ಹೋಗ್ತೀರ?" ಅಂದೆ.

ಅಪ್ಪ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಿಗೂ ಇಲ್ಲಮ್ಮ. ಸುಮ್ನೆ. ಯಾವುದೋ ಬಸ್ ಹತ್ತೀನಿ, ಕಿಟಕಿ ಪಕ್ಕ ಕೂತ್ಕೋತೀನಿ. ಟಿನ್ ಫ್ಯಾಕ್ಟರಿಲಿ ಇಳ್ದು ಒಂದು ಟೀ ಕುಡಿದು ವಾಪಸ್ ಬರ್ತೀನಿ. ಒಂದೊಂದ್ಸಲ ಮುಂದೂ ಹೋಗ್ತೀನಿ." ಹಾಗೇ ಮುಂದುವರಿಸಿದರು, "ಅಷ್ಟು ಜನಕ್ಕೆ ಆಚೆ ಹೋಗಕ್ಕೆ ಪಾಸ್ ಕೊಟ್ಟೆ. ನಾನು ಒಂದಿನಾನೂ ಹೊತ್ತಿಲ್ಲದ ಹೊತ್ತಲ್ಲಿ ಆ ಗೇಟ್ ದಾಟ್ಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಊರು ಹೆಂಗಿರತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

"ಇದನ್ನ ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಏನಂತ ಹೇಳ್ಲಿ? ನಿಮ್ಮನ್ಯಾರ್ನೂ ಹಂಗೆ ಬಿಟ್ಟವನಲ್ಲ ನಾನು. ನಾಚ್ಕೆ ಆಯ್ತು."

ನನಗೆ ಅಮ್ಮನ ನೆನಪಾಯಿತು. ಅಪ್ಪನಿಗೂ ಆಗಿತ್ತೆಂದು ಕಾಣುತ್ತದೆ. "ನಿಮ್ಮಮ್ಮ ಇದ್ದಿದ್ರೆ ಅವಳ್ನೂ ಕರ್ಕೊಂಡು ಹೋಗಿರ್ತಿದ್ದೆ" ಅಂದರು.

ಬೀಗ ತೆಗೆದೆ. ಮಂಜುವಿಗೆ ಫೋನು ಮಾಡಿ ಹೇಳಿದರೆ, "ಕಳ್ದೋದ್ರೆ ಏನ್ಮಾಡ್ತೀಯ?" ಅಂತ ಹಾರಾಡಿದ. ಅದಕ್ಕೆ ಅಪ್ಪನೇ ಫೋನು ಇಸಿದುಕೊಂಡು ಒಪ್ಪಂದ ಮಾಡಿದರು. "ಎಲ್ಲಿಗೆ, ಯಾಕೆ ಅಂತ ಕೇಳ್ಬೇಡ್ರಪ್ಪ. ಎಷ್ಟೊತ್ತಿಗೆ ಅಂತ ಕೇಳಿ, ಹೇಳ್ತೀನಿ, ಹೇಳಿದ ಹೊತ್ತಿಗೆ ಬರ್ತೀನಿ. ಮೊಬೈಲು ಜೇಬಲ್ಲಿ ಇರತ್ತೆ." ಮೂರು ಪ್ರಶ್ನೆಯಲ್ಲಿ ಎರಡನ್ನು ತೆಗೆದುಹಾಕಿ ಒಂದನ್ನು ಇಟ್ಟುಕೊಂಡರು. ಮಂಜು ಗೊಣಗಿಕೊಂಡೇ ಒಪ್ಪಿದ.

ಭಾನುವಾರ ನನ್ನನ್ನೂ ಕರೆದರು. ಎಂಟಕ್ಕೆ ಹೊರಡುವುದು ಅಂದರು. ನಾನು ಸೀರೆ ನೆರಿಗೆ ಸರಿಮಾಡಿಕೊಂಡು ಬರುವಷ್ಟರಲ್ಲಿ ಸ್ವಲ್ಪ ತಡವಾಗಿ, ಅಪ್ಪ ಗೇಟಿನ ಹತ್ತಿರ ಗಡಿಯಾರ ನೋಡುತ್ತಾ ನಿಂತಿದ್ದರು. "ಎಲ್ಲಿಗೆ ಅನ್ನೋದೇ ಗೊತ್ತಿಲ್ಲ, ಅದಕ್ಕೂ ಲೇಟ್ ಆಗತ್ತಾ ಅಪ್ಪ?" ಅಂತ ರೇಗಿಸಿದೆ. "ಹೊರಡೋದು ಎಷ್ಟೊತ್ತಿಗೆ ಅನ್ನೋದು ಗೊತ್ತಿತ್ತಲ್ಲ" ಅಂತ ಮುಂದೆ ನಡೆದುಬಿಟ್ಟರು.

ಬಸ್ಸು ಅರ್ಧ ಖಾಲಿ. ಅಪ್ಪ ಕಿಟಕಿ ಸೀಟು ಹಿಡಿದರು, ನನಗೆ ಕೊಡುವ ಮಾತೇ ಎತ್ತಲಿಲ್ಲ. ಕಂಡಕ್ಟರ್ ಬಂದಾಗ ಅಪ್ಪ ಜೇಬಿನಿಂದ ಡೇ ಪಾಸ್ ತೆಗೆದು ತೋರಿಸಿದರು. ಇಡೀ ದಿನ ಯಾವ ಬಸ್ಸು ಹತ್ತಿದರೂ ಎಲ್ಲಿ ಇಳಿದರೂ ಅದನ್ನು ಯಾರೂ ಪ್ರಶ್ನೆ ಮಾಡುವಂತಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಅಲ್ಲವೇ, ನಾನು ಗತ್ತಿನಿಂದ ಆಧಾರ್ ಕಾರ್ಡು ತೋರಿಸಿದೆ. ಫ್ರೀ ಟಿಕೆಟ್ಟಿಗೂ ಇಳಿಯುವ ಸ್ಟಾಪಿನ ಹೆಸರು ಬೇಕಂತೆ. ಕಂಡಕ್ಟರ್ ಮಿಷನ್ನಿನ ಮೇಲೆ ಬೆರಳಿಟ್ಟುಕೊಂಡು, "ಎಲ್ಲಿಗಮ್ಮ?" ಅಂದ.

ನನಗೆ ಒಂದು ಅಂಗಡಿಯ ಹೆಸರೂ ನೆನಪಿಗೆ ಬರಲಿಲ್ಲ. ಅಪ್ಪನ ಕಡೆ ನೋಡಿದೆ. ಅವರು ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಬಾಳೆಗೊನೆ ಕಟ್ಟುವುದನ್ನು ಮೈಮರೆತು ನೋಡುತ್ತಿದ್ದರು.

"ಬೇಗ ಹೇಳಿಯಮ್ಮ, ಎಲ್ಲಿ ಇಳೀತೀರ?"

"ಇವರು ಎಲ್ಲಿ ಇಳೀತಾರೋ ಅಲ್ಲಿ."

"ಅವರು ಎಲ್ಲಿ ಇಳೀತಾರೆ?"

ಅಪ್ಪ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಅವಳ್ಗೆ ಎಲ್ಲಿ ಹಸಿವಾಗತ್ತೋ ಅಲ್ಲಿ ಇಳೀತೀವಪ್ಪ," ಅಂದರು, "ನೀನು ಕೊನೇ ಸ್ಟಾಪಿಗೆ ಕೊಟ್ಬಿಡು."